ಕಲಾ ಪದವೀಧರರ ತಂತ್ರಜ್ಞಾನ: ನಲವತ್ತು ವರ್ಷಗಳ ಲೆಕ್ಕ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದದ್ದು 1985ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂದಿತ್ತು. ಅಲ್ಲಿಂದ ಲೆಕ್ಕ ಹಿಡಿದರೆ ಕರ್ನಾಟಕದ ಸಾಫ್ಟ್‌ವೇರ್ ಉದ್ಯಮಕ್ಕೆ ನಲವತ್ತು ತುಂಬಿದೆ. ಈ ಅವಧಿಯ ಎಂಜಿನಿಯರ್‌ಗಳ ಕಥೆಯನ್ನು ನಾವು ಬೇಕಾದಷ್ಟು ಬರೆದಿದ್ದೇವೆ, ಓದಿದ್ದೇವೆ. ಇದೇ ನಾಡಿನ ಪದವಿ ಕಾಲೇಜುಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ ಓದಿ ಬಿ.ಎ. ಮುಗಿಸಿದವರ ಕಥೆ ಮಾತ್ರ ಹಾಗೇ ಉಳಿದಿದೆ. ಉದ್ಯಮದಿಂದ ಅವರಿಗೆ ಏನು ಸಿಕ್ಕಿತು, ಅವರಿಂದ ಉದ್ಯಮಕ್ಕೆ ಏನು ಸಿಕ್ಕಿತು, ಸಿಗಬೇಕಾದದ್ದು ಎಷ್ಟು ಕೈತಪ್ಪಿತು ಎಂಬುದನ್ನು ಒಮ್ಮೆ ಹಿಂತಿರುಗಿ ನೋಡಬೇಕಾದ ಕಾಲ ಇದು. ಏಕೆಂದರೆ ಬಾಗಿಲು ಈಗ ಎರಡನೇ ಸಲ ತೆರೆದುಕೊಳ್ಳುತ್ತಿದೆ.

ಮೊದಲ ಸಲ ಏನಾಯಿತು ಎಂಬುದನ್ನು ನೆನಪಿಸಿಕೊಳ್ಳೋಣ. ತೊಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರುಗಳು 2000ನೇ ಇಸವಿಯನ್ನು ತಪ್ಪಾಗಿ ಓದದಂತೆ ಹಳೆಯ ಕೋಡ್ ತಿದ್ದುವ ‘ವೈಟುಕೆ’ ಗಡಿಬಿಡಿ ಶುರುವಾದಾಗ ಕಂಪನಿಗಳಿಗೆ ಜನ ಸಾಲಲಿಲ್ಲ. ಸಿವಿಲ್ ಓದಿದವರು, ಮೆಕ್ಯಾನಿಕಲ್ ಓದಿದವರು, ಜವಳಿ ಎಂಜಿನಿಯರಿಂಗ್ ಓದಿದವರು, ಎಲ್ಲರೂ ಕೆಲವು ತಿಂಗಳ ತರಬೇತಿಯಲ್ಲಿ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಪ್ರೋಗ್ರಾಮರ್‌ಗಳಾದರು. ಸೇತುವೆ ಕಟ್ಟುವುದನ್ನು ಓದಿದವರು ಅಷ್ಟು ಬೇಗ ಬ್ಯಾಂಕಿನ ಕೋಡ್ ತಿದ್ದಬಲ್ಲರಾದರೆ ತರ್ಕಶಾಸ್ತ್ರ ಓದಿದವರಿಗೆ, ವ್ಯಾಕರಣ ಓದಿದವರಿಗೆ ಅದು ಆಗದ ಮಾತು ಎಂದು ಯಾರು ತೀರ್ಮಾನಿಸಿದರು? ಹಾಗೆ ಕೂತು ತೀರ್ಮಾನಿಸಿದವರು ಯಾರೂ ಇರಲಿಲ್ಲ. ಜಾಹೀರಾತಿನ ಅರ್ಹತೆಯ ಸಾಲೇ ತೀರ್ಮಾನವಾಯಿತು: ಬಿ.ಇ., ಎಂ.ಸಿ.ಎ., ಹತ್ತನೇ ತರಗತಿಯಿಂದ ಉದ್ದಕ್ಕೂ ಶೇ. 60. ಮುಂದೆ ಆ ಸಾಲಿಗೆ ಬಿ.ಎಸ್ಸಿ., ಬಿ.ಸಿ.ಎ. ಸೇರಿದವು. ಬಿ.ಎ. ಸೇರಲಿಲ್ಲ. ಆ ಒಂದು ಸಾಲು ಪಿಯುಸಿ ಕೌಂಟರಿನವರೆಗೂ ಇಳಿದು ಬಂತು. ಸೈನ್ಸ್ ಸಿಗದವರು ಕಾಮರ್ಸ್‌ಗೆ, ಅದೂ ಸಿಗದವರು ಆರ್ಟ್ಸ್‌ಗೆ ಎಂಬ ಶ್ರೇಣಿಯನ್ನು ತಂದೆತಾಯಿಗಳು ಒಪ್ಪಿಕೊಂಡರು, ಮೇಷ್ಟರೂ ಒಪ್ಪಿಕೊಂಡರು. ನಮ್ಮ ಮಟ್ಟಿಗೆ ಈ ನಲವತ್ತು ವರ್ಷಗಳ ದೊಡ್ಡ ನಷ್ಟ ಇದು. ಒಂದು ತಲೆಮಾರು ತಾನು ಪ್ರೀತಿಯಿಂದ ಓದಿದ ವಿಷಯವನ್ನು ಹೇಳಿಕೊಳ್ಳಲು ನಾಚುವಂತಾಯಿತು.

2000ದ ಆಸುಪಾಸಿನಲ್ಲಿ ಕಾಲ್ ಸೆಂಟರ್‌ಗಳು ಬಂದವು. ‘ಯಾವುದೇ ಪದವಿ’ ಎಂಬ ಮಾತು ಜಾಹೀರಾತಿನಲ್ಲಿ ಕಾಣಿಸಿದ್ದು ಆಗಲೇ. ಬಿ.ಎ. ಮುಗಿಸಿದ ಸಾವಿರಾರು ಹುಡುಗ ಹುಡುಗಿಯರು ರಾತ್ರಿ ಪಾಳಿಯ ಕ್ಯಾಬ್ ಹತ್ತಿದರು, ಮನೆಗೆ ಮೊದಲ ಸಲ ತಿಂಗಳ ಸಂಬಳ ಎಂಬುದನ್ನು ತಂದರು, ತಮ್ಮಂದಿರ ಫೀಸು ಕಟ್ಟಿದರು. ಅದನ್ನು ಸಣ್ಣದು ಮಾಡಿ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಅವರಲ್ಲಿ ಬಳಕೆಯಾದದ್ದು ಅವರ ಧ್ವನಿ, ಅವರ ನಿದ್ದೆ. ಉಚ್ಚಾರಣೆ ತಿದ್ದುವ ತರಗತಿಗಳಿದ್ದವು, ಎಷ್ಟೋ ಕಡೆ ಹೆಸರನ್ನೂ ಬದಲಿಸಿಕೊಳ್ಳಬೇಕಿತ್ತು. ಸಮಾಜಶಾಸ್ತ್ರ ಓದಿದವಳನ್ನು ಕೂರಿಸಿಕೊಂಡು ‘ಇಷ್ಟು ಜನ ಒಂದೇ ದೂರು ಹೇಳುತ್ತಿದ್ದಾರಲ್ಲ, ಇದರ ಹಿಂದೆ ಏನಿದೆ’ ಎಂದು ಕೇಳುವ ವ್ಯವಸ್ಥೆ ಅಲ್ಲಿರಲಿಲ್ಲ. ದೂರು ಕೇಳಿಸಿಕೊಳ್ಳುವುದು ಅವಳ ಕೆಲಸ, ಅರ್ಥ ಮಾಡಿಕೊಳ್ಳುವುದು ಬೇರೆಯವರ ಕೆಲಸ. ಹತ್ತು ವರ್ಷ ಕಳೆಯುವ ಹೊತ್ತಿಗೆ ಧ್ವನಿಯ ಕೆಲಸಗಳು ಫಿಲಿಪ್ಪೀನ್ಸ್‌ನತ್ತ ಸರಿದವು. ಮೂವತ್ತು ದಾಟಿದ ಎಷ್ಟೋ ಮಂದಿಯ ಕೈಯಲ್ಲಿ ಅನುಭವದ ಪ್ರಮಾಣಪತ್ರ ಉಳಿಯಿತು, ವಿದ್ಯೆ ಬೆಳೆದಿರಲಿಲ್ಲ.

ಈ ಚರ್ಚೆ ಬಂದಾಗಲೆಲ್ಲ ಅಮೆರಿಕದ ಕೆಲವು ಹೆಸರುಗಳನ್ನು ಮುಂದಿಡುವುದು ರೂಢಿಯಾಗಿದೆ. ಎಚ್‌ಪಿ ಕಂಪನಿಯನ್ನು 1999ರಿಂದ 2005ರವರೆಗೆ ನಡೆಸಿದ ಕಾರ್ಲಿ ಫಿಯೊರಿನಾ ಓದಿದ್ದು ಮಧ್ಯಯುಗದ ಇತಿಹಾಸ ಮತ್ತು ತತ್ವಶಾಸ್ತ್ರ. ಯೂಟ್ಯೂಬಿನ ಮುಖ್ಯಸ್ಥೆಯಾಗಿದ್ದ ಸೂಸನ್ ವೊಜಿಸ್ಕಿ ಓದಿದ್ದು ಇತಿಹಾಸ ಮತ್ತು ಸಾಹಿತ್ಯ. ಕಚೇರಿ ತಂಡಗಳ ಮಾತುಕತೆಯ ಆ್ಯಪ್ ಸ್ಲಾಕ್ ಕಟ್ಟಿದ ಸ್ಟುವರ್ಟ್ ಬಟರ್‌ಫೀಲ್ಡ್ ಅವರದು ತತ್ವಶಾಸ್ತ್ರದಲ್ಲಿ ಎರಡು ಪದವಿ. 2011ರಲ್ಲಿ ಎರಡನೇ ಐಪ್ಯಾಡ್ ಬಿಡುಗಡೆ ಮಾಡಿದಾಗ ಸ್ಟೀವ್ ಜಾಬ್ಸ್, ಬರೀ ತಂತ್ರಜ್ಞಾನ ಸಾಲದು, ಅದಕ್ಕೆ ಕಲೆ ಮತ್ತು ಮಾನವಿಕಗಳು ಕೂಡಬೇಕು ಎಂಬರ್ಥದ ಮಾತಾಡಿದ್ದರು. ಇವೆಲ್ಲ ನಿಜ. ಆದರೆ ಹಾವೇರಿಯ ಬಿ.ಎ. ವಿದ್ಯಾರ್ಥಿಯ ಮುಂದೆ ಈ ಪಟ್ಟಿ ಓದುವುದರಿಂದ ಪ್ರಯೋಜನ ಕಡಿಮೆ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಇತಿಹಾಸ ಓದಿದವರಿಗೆ ಪದವಿಯ ವಿಷಯ ಯಾವುದಿದ್ದರೂ ತೆರೆಯುವ ಬಾಗಿಲುಗಳಿರುತ್ತವೆ. ಅವರ ಬೆಳವಣಿಗೆಯಲ್ಲಿ ಇತಿಹಾಸದ ಪಾಲೆಷ್ಟು, ಆ ಬಾಗಿಲಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಲ್ಯಾರಿ ವಾಲ್ ಅವರ ಉದಾಹರಣೆ. ಭಾಷಾವಿಜ್ಞಾನ ಕಲಿತ ಅವರು ಹೆಂಡತಿಯೊಂದಿಗೆ ಆಫ್ರಿಕಾಕ್ಕೆ ಹೋಗಿ, ಬರಹವಿಲ್ಲದ ಯಾವುದಾದರೂ ಭಾಷೆಗೆ ಲಿಪಿ ಹೊಂದಿಸಿ ಕೊಡಬೇಕೆಂದಿದ್ದರು. ಆರೋಗ್ಯದ ಕಾರಣಕ್ಕೆ ಹೋಗಲಾಗಲಿಲ್ಲ, ಕಂಪ್ಯೂಟರಿನ ಕೆಲಸಕ್ಕೆ ಸೇರಿದರು. 1987ರಲ್ಲಿ ಅವರು ಹೊರತಂದ ‘ಪರ್ಲ್’ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ ಓದು ಎದ್ದು ಕಾಣುತ್ತದೆ. ಒಂದೇ ವಸ್ತುವನ್ನು ಹಿಡಿದಿಡುವ ಹೆಸರಿಗೆ ಒಂದು ಗುರುತು, ಹಲವನ್ನು ಹಿಡಿದಿಡುವ ಹೆಸರಿಗೆ ಇನ್ನೊಂದು ಗುರುತು. ಅಂದರೆ ಏಕವಚನ, ಬಹುವಚನ. ಮಾತಿನ ನಡುವೆ ‘ಅದು’ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವಲ್ಲ, ಹಾಗೆ ಸದ್ಯ ಕೈಯಲ್ಲಿರುವ ವಸ್ತುವನ್ನು ಹೆಸರಿಡದೆ ಸೂಚಿಸುವ ಚಿಹ್ನೆಯೊಂದು. ಒಂದೇ ಮಾತನ್ನು ನಾಲ್ಕು ರೀತಿ ಹೇಳಬಹುದು ಎಂಬ ಸಹಜ ಭಾಷೆಯ ಗುಣವನ್ನು ಅವರು ಭಾಷೆಯ ತತ್ವವಾಗಿಯೇ ಇಟ್ಟುಕೊಂಡರು. ಮುಂದೆ ಮಾನವ ಜೀನೋಮ್ ಯೋಜನೆಯ ದತ್ತಾಂಶ ಹೊಂದಿಸುವುದಕ್ಕೂ ಪರ್ಲ್ ಬೇಕಾಯಿತು. ವಾಲ್ ತಮ್ಮ ಭಾಷಾವಿಜ್ಞಾನವನ್ನು ಮನೆಯಲ್ಲಿ ಬಿಟ್ಟು ಕಂಪ್ಯೂಟರಿಗೆ ಹೋದವರಲ್ಲ, ಹೊತ್ತುಕೊಂಡೇ ಹೋದವರು. ಕಲಾ ವಿಭಾಗದವರ ಬೆಳವಣಿಗೆಗೆ ಇದಕ್ಕಿಂತ ಒಳ್ಳೆಯ ಮಾದರಿ ನಮಗೆ ಕಂಡಿಲ್ಲ.

ಇಂಥವರು ನಮ್ಮಲ್ಲೂ ಇದ್ದಾರೆ, ಅವರನ್ನು ಈ ಕಣ್ಣಿನಿಂದ ನಾವು ನೋಡಿಲ್ಲ ಅಷ್ಟೇ. ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಸಂಸ್ಕೃತದಲ್ಲಿ ಪಿಎಚ್.ಡಿ. ಮಾಡಿದವರು. ಕಂಪ್ಯೂಟರನ್ನು ತಾವಾಗಿಯೇ ಕಲಿತು, ಪಾಣಿನಿಯ ವ್ಯಾಕರಣಕ್ಕೆ ‘ಗಣಕಾಷ್ಟಾಧ್ಯಾಯೀ’ ಎಂಬ ತಂತ್ರಾಂಶ ರೂಪಿಸಿದರು. ಸುಮಾರು ನಾಲ್ಕು ಸಾವಿರ ಸೂತ್ರಗಳು ಒಂದಕ್ಕೊಂದು ಹೆಣೆದುಕೊಂಡಿರುವ ಆ ಗ್ರಂಥವನ್ನು ಯಂತ್ರಕ್ಕೆ ಇಳಿಸಲು ಸೂತ್ರ ಗೊತ್ತಿರಬೇಕು, ಯಂತ್ರವೂ ಗೊತ್ತಿರಬೇಕು. ವಚನಗಳನ್ನು ಹುಡುಕಿ ಓದಬಹುದಾದ ತಂತ್ರಾಂಶವೂ ಅವರ ಶ್ರಮದಿಂದಲೇ ಆದದ್ದು. ಕನ್ನಡ ಎಂ.ಎ. ಓದಿದ ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡದ ತಂತ್ರಾಂಶಕ್ಕಾಗಿ ಎಷ್ಟು ಹಟ ಹಿಡಿದರೆಂಬುದು ಅವರ ಓದುಗರಿಗೆಲ್ಲ ಗೊತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ‘ಕುವೆಂಪು’ ತಂತ್ರಾಂಶ ಬರುವುದರ ಹಿಂದೆ ಅವರ ಒತ್ತಾಸೆ ಇತ್ತು. ಎದುರು ದಿಕ್ಕಿನಿಂದ ಬಂದವರು ಕೆ.ಪಿ. ರಾವ್. ರಸಾಯನಶಾಸ್ತ್ರ ಓದಿದ ಅವರು ಲಿಪಿಶಾಸ್ತ್ರಕ್ಕೆ ಒಲಿದು, ಉಚ್ಚಾರಣೆಗೆ ತಕ್ಕ ಕನ್ನಡ ಕೀಲಿಮಣೆಯನ್ನು ವಿನ್ಯಾಸ ಮಾಡಿದರು. ಇಂದು ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಬೆರಳಾಡಿಸುವವರೆಲ್ಲ ಅವರ ಋಣದಲ್ಲಿದ್ದಾರೆ. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’. ಛಂದಸ್ಸಿನ ಮಹಾವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದು. ಆ ಗೌರವದ ಹಿಂದೆ, ಅಕ್ಷರ ಮತ್ತು ಮಾತ್ರೆಗಳ ಲೆಕ್ಕ ಬಲ್ಲವರಿಂದ ತಾನು ಕಲಿತದ್ದಿದೆ ಎಂಬ ಅರಿವಿದೆ.

ಮಾತು ಹೊರಗಿನಿಂದಲೇ ಹೇಳಿದಂತಾಗದಿರಲಿ. ಕೆಲಸವೊಂದನ್ನು ಹತ್ತಿರದಿಂದ ನೋಡೋಣ. ಬಸ್ ಟಿಕೆಟ್ ಬುಕ್ ಮಾಡುವ ಆ್ಯಪ್ ಒಂದನ್ನು ಕನ್ನಡಕ್ಕೆ ತರಬೇಕಿದೆ ಎಂದಿಟ್ಟುಕೊಳ್ಳಿ. ಒಂದೂರಿನಿಂದ ಇನ್ನೊಂದೂರಿಗೆ ಎಂಬ ಸಾಲು ಅದರಲ್ಲಿ ನೂರು ಕಡೆ ಬರುತ್ತದೆ. ಊರಿನ ಹೆಸರಿರಬೇಕಾದ ಕಡೆ ಖಾಲಿ ಜಾಗ, ಹೆಸರು ಡೇಟಾಬೇಸಿನಿಂದ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಹೆಸರನ್ನು ಮುಟ್ಟದೆ ಅದರ ಹಿಂದೊಂದು ಪದ ಇಟ್ಟರೆ ಮುಗಿಯಿತು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಬೇಕು. ಪ್ರೋಗ್ರಾಮರ್ ‘ಹಾಸನ’ ಇಟ್ಟು ಪರೀಕ್ಷಿಸಿ ‘ದಿಂದ’, ‘ಕ್ಕೆ’ ಸೇರಿಸುತ್ತಾನೆ. ಹಾಸನದಿಂದ, ಹಾಸನಕ್ಕೆ: ಸರಿ ಬಂತು. ಮಂಡ್ಯ, ಕೋಲಾರ, ಧಾರವಾಡ ಎಲ್ಲವೂ ಸರಿ. ಆಮೇಲೆ ಮೈಸೂರು ಬರುತ್ತದೆ, ಪರದೆಯ ಮೇಲೆ ‘ಮೈಸೂರುದಿಂದ’, ‘ಮೈಸೂರುಕ್ಕೆ’ ಎಂದು ಮೂಡುತ್ತದೆ. ಉಡುಪಿ ‘ಉಡುಪಿದಿಂದ’ ಆಗುತ್ತದೆ. ಇದನ್ನು ತಿದ್ದಲು ಹೊರಟ ಇನ್ನೊಬ್ಬ, ಹೆಸರಿನ ಮುಂದೆ ಒಂದು ಸ್ಪೇಸ್ ಬಿಟ್ಟು ‘ಗೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ. ‘ಮೈಸೂರು ಗೆ’ ಎಂಬಂಥ ಕನ್ನಡ ನಮ್ಮ ಫೋನುಗಳಲ್ಲಿ ತುಂಬಿರುವುದು ಹೀಗೆ.

ಐಚ್ಛಿಕ ಕನ್ನಡ ಓದಿದ ಹುಡುಗಿಗೆ ಇದು ಕಂಡ ಕೂಡಲೇ ಗೊತ್ತಾಗುತ್ತದೆ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಕೊನೆ ನೋಡಿ ಪ್ರತ್ಯಯ ಹಚ್ಚುವ ಶಿಸ್ತನ್ನು ಕೂಲಂಕಷವಾಗಿ ಹಾಕಿಕೊಟ್ಟಿದ್ದಾನೆ, ಅವಳು ಅದನ್ನು ಪರೀಕ್ಷೆಗೆ ಓದಿದ್ದಾಳೆ. ಊರಿನ ಹೆಸರು ಅಕಾರದಲ್ಲಿ ಮುಗಿದರೆ ‘ದಿಂದ’, ‘ಕ್ಕೆ’. ಉಕಾರದಲ್ಲಿ ಮುಗಿದರೆ ಉಕಾರ ಬಿದ್ದು ‘ಇನಿಂದ’, ‘ಇಗೆ’. ಇಕಾರ, ಎಕಾರದಲ್ಲಿ ಮುಗಿದರೆ ‘ಯಿಂದ’, ‘ಗೆ’. ಬೀದರ್‌ನಂಥ ವ್ಯಂಜನಾಂತಕ್ಕೆ ಬೇರೆ ಸಾಲು. ಇಷ್ಟನ್ನು ಅವಳು ಪಟ್ಟಿ ಮಾಡಿ ಕೊಟ್ಟರೆ ಕರ್ನಾಟಕದ ಬಹುಪಾಲು ಊರುಗಳು ಸರಿಹೋಗುತ್ತವೆ. ಮುಂದಿನ ತೊಡಕು ಮನುಷ್ಯರ ಹೆಸರು. ‘ಬಸವ’ ಎಂಬುದೂ ಅಕಾರಾಂತವೇ, ಆದರೆ ‘ಬಸವಕ್ಕೆ ಹಣ ಕಳಿಸಲಾಗಿದೆ’ ಎಂದು ಬರೆದರೆ ಬಸವನ ಕಥೆ ಏನಾಗಬೇಕು! ಇಲ್ಲಿ ಲಿಂಗವೂ ಗೊತ್ತಿರಬೇಕು. ಗೊತ್ತಿಲ್ಲದಾಗ ‘ಬಸವ ಅವರಿಗೆ’ ಎಂದರೆ ವ್ಯಾಕರಣವೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಈ ಪರಿಹಾರ ಅಲ್ಗಾರಿದಮ್ ಪುಸ್ತಕದಲ್ಲಿ ಸಿಗುವುದಿಲ್ಲ, ನುಡಿಯ ಒಳಗೆ ಇದ್ದವರಿಗೆ ಹೊಳೆಯುತ್ತದೆ.

ಆದರೆ ಅವಳ ತಿಳಿವಳಿಕೆ ಅಲ್ಲಿಗೇ ನಿಂತರೆ ಸಾಲದು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಆ ನಿಯಮಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಹೊಂದಿಸಿ, ಇನ್ನೂರು ಊರುಗಳ ಹೆಸರಿನ ಮೇಲೆ ಓಡಿಸಿ, ಎಲ್ಲೆಲ್ಲಿ ತಪ್ಪಿತು ಎಂದು ತಾನೇ ತೋರಿಸಬಲ್ಲಳಾದರೆ ಅವಳು ಆ ತಂಡಕ್ಕೆ ಬೇಕೇಬೇಕಾದವಳು. ಹತ್ತು ಸಾಲಿನ ಪೈಥಾನ್ ಬರೆಯಬಲ್ಲಳಾದರೆ ಇನ್ನೂ ಮೇಲು. ಅಷ್ಟೂ ಬಾರದಿದ್ದರೆ ಅವಳ ಕೈಗೆ ಬರುವುದು ಪದಕ್ಕಿಷ್ಟು ಎಂದು ಎಣಿಸಿ ಕೊಡುವ ಅನುವಾದದ ಕೆಲಸ. ಸಂದರ್ಭವೇ ಇಲ್ಲದ ಬಿಡಿ ಸಾಲುಗಳ ಎಕ್ಸೆಲ್ ಹಾಳೆ, ನಾಳೆ ಸಂಜೆಯೊಳಗೆ ಮುಗಿಸು ಎಂಬ ಮೇಲ್. ವಿದ್ಯೆ ಇದ್ದೂ ತೀರ್ಮಾನದ ಮೇಜಿಗೆ ಬರಲಾಗದ ಸ್ಥಿತಿ ಅದು.

ಆ ಮೇಜಿನವರೆಗೆ ಬಂದವರೂ ಇದ್ದಾರೆ. ಟೆಕ್ನಿಕಲ್ ರೈಟಿಂಗ್, ಇ-ಲರ್ನಿಂಗ್ ಪಾಠ ರಚನೆ, ಬಳಕೆದಾರರನ್ನು ಮಾತನಾಡಿಸಿ ಉತ್ಪನ್ನ ತಿದ್ದುವ ಯುಎಕ್ಸ್ ಸಂಶೋಧನೆ, ಟೆಸ್ಟಿಂಗ್: ಇವುಗಳಲ್ಲಿ ಇಂಗ್ಲಿಷ್, ಮನಃಶಾಸ್ತ್ರ, ಸಮಾಜಶಾಸ್ತ್ರ ಓದಿದವರು ಬೆಂಗಳೂರಿನಲ್ಲಿ ಗಟ್ಟಿಯಾಗಿ ನೆಲೆಯೂರಿದ್ದಾರೆ. ಅವರಲ್ಲಿ ಹೆಚ್ಚಿನವರು ನಗರದ ಕಾಲೇಜುಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಎಂಬುದನ್ನು ಮರೆಯುವಂತಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, 2016ರಲ್ಲಿ ಬಂದ ತುಳು ವಿಕಿಪೀಡಿಯ ಹಳ್ಳಿಯ ಕಾಲೇಜಿನವರಿಗೂ ಮುಕ್ತವಾಗಿದ್ದ ಕಲಿಕೆಯ ಜಾಗಗಳಾಗಿದ್ದವು. ಉಲ್ಲೇಖ ಕೊಡುವುದು, ಟೆಂಪ್ಲೇಟ್ ತಿದ್ದುವುದು, ಅಪರಿಚಿತರೊಡನೆ ವಾದಿಸಿ ಒಮ್ಮತಕ್ಕೆ ಬರುವುದು ಅಲ್ಲಿ ಪುಕ್ಕಟೆಯಾಗಿ ಸಿಗುವ ಶಿಕ್ಷಣ. ನಮ್ಮ ಕನ್ನಡ ವಿಭಾಗಗಳು ಅದನ್ನು ಬಳಸಿಕೊಂಡದ್ದು ತೀರ ಕಡಿಮೆ.

ಕಾಲೇಜುಗಳ ಲೆಕ್ಕಕ್ಕೆ ಬಂದರೆ ನೋವಾಗುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಬಾಣಭಟ್ಟನ ‘ಕಾದಂಬರಿ’ಯನ್ನೂ ಅರವತ್ನಾಲ್ಕು ಕಲೆಗಳನ್ನೂ ನೆನೆದು, ವಿದ್ಯೆಗಳ ನಡುವಿನ ಗೋಡೆ ಒಡೆಯುವ ಮಾತಾಡಿತು. ಅದನ್ನು ದೇಶದಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದದ್ದು ಕರ್ನಾಟಕ, 2021ರಲ್ಲಿ. ಬಿ.ಎ. ವಿದ್ಯಾರ್ಥಿಗಳಿಗೂ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆ ಬಂತು, ಓಪನ್ ಎಲೆಕ್ಟಿವ್‌ಗಳು ಬಂದವು. ಕಲ್ಪನೆ ತಪ್ಪಿರಲಿಲ್ಲ. ಆದರೆ ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್ ಎಂದು ಎಲ್ಲದರ ಮೇಲೂ ಒಂದೊಂದು ಕಿರುಪರಿಚಯ ಮಾಡಿಸಿ ಮುಂದೆ ಹೋಗುವ ಪಠ್ಯ ಅದು. ಇತಿಹಾಸದ ವಿದ್ಯಾರ್ಥಿ ಅಲ್ಲಿ ತನ್ನ ಇತಿಹಾಸವನ್ನು ಬಳಸಬೇಕಾದ ಒಂದು ಸಂದರ್ಭವೂ ಇರಲಿಲ್ಲ. ತನ್ನ ತಾಲ್ಲೂಕಿನ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದಿಂದ ತೆಗೆದು ನಕ್ಷೆಯ ಮೇಲೆ ಗುರುತಿಸು ಎಂದು ಹೇಳಿದ್ದರೆ ಒಂದು ಸೆಮಿಸ್ಟರಿನಲ್ಲಿ ದತ್ತಾಂಶ, ನಕ್ಷೆ, ಹುಡುಕಾಟ ಮೂರನ್ನೂ ಕಲಿಯುತ್ತಿದ್ದ. ನೀತಿ ಬೇರೂರುವ ಮುನ್ನವೇ 2024-25ರಿಂದ ಮತ್ತೆ ಮೂರು ವರ್ಷದ ಹಳೆಯ ಪದವಿಗೆ ಮರಳಿದೆವು. ಸರ್ಕಾರಗಳ ಜಗ್ಗಾಟದಲ್ಲಿ ಯಾವ ಪಠ್ಯವೂ ಮೂರು ಬ್ಯಾಚಿನಾಚೆ ಉಳಿಯದಿದ್ದರೆ ಮೇಷ್ಟರು ಏನನ್ನು ಪಳಗಿಸಿಕೊಳ್ಳಬೇಕು?

ಈ ನಡುವೆ ಖಾಸಗಿ ವಿಶ್ವವಿದ್ಯಾಲಯಗಳು ಅದೇ ಇತಿಹಾಸ, ಅದೇ ಅರ್ಥಶಾಸ್ತ್ರವನ್ನು ‘ಲಿಬರಲ್ ಆರ್ಟ್ಸ್’ ಎಂಬ ಹೆಸರಿನಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕಕ್ಕೆ ಕಲಿಸುತ್ತಿವೆ, ಚೆನ್ನಾಗಿಯೇ ಕಲಿಸುತ್ತಿವೆ. ಅಲ್ಲಿಂದ ಬಂದವರನ್ನು ಕಂಪನಿಗಳು ಗೌರವದಿಂದ ಕರೆದು ಕೂರಿಸುತ್ತವೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ.ಗೆ ಆ ಗೌರವ ಸಿಗದಿರಲು ವಿಷಯ ಕಾರಣವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಾರಣ ಗ್ರಂಥಾಲಯ, ಲ್ಯಾಬು, ಖಾಲಿ ಬಿದ್ದಿರುವ ಬೋಧಕ ಹುದ್ದೆಗಳು, ವರ್ಷ ವರ್ಷವೂ ಅನಿಶ್ಚಿತತೆಯಲ್ಲಿ ಬದುಕುವ ಅತಿಥಿ ಉಪನ್ಯಾಸಕರು.

ಎರಡನೇ ಬಾಗಿಲಿನ ಮಾತಿಗೆ ಬರೋಣ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದಾಗಿನಿಂದ ಯಂತ್ರಕ್ಕೆ ಭಾಷೆ ಕಲಿಸುವುದೇ ಉದ್ಯಮದ ನಡುಮನೆಯ ಕೆಲಸವಾಗಿದೆ. ಅದೇ ವರ್ಷ ಕೇಂದ್ರ ಸರ್ಕಾರ ಭಾರತೀಯ ಭಾಷೆಗಳ ತಂತ್ರಜ್ಞಾನಕ್ಕಾಗಿ ‘ಭಾಷಿಣಿ’ ಯೋಜನೆ ಆರಂಭಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಿಸಿ ಸಂಗ್ರಹಿಸುತ್ತಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1969ರಿಂದ ಇರುವ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಭಾಷಾ ದತ್ತಾಂಶ ಕೂಡಿಸುವ ಕೆಲಸವನ್ನು ಈ ಗದ್ದಲಕ್ಕೆ ಬಹಳ ಮೊದಲೇ ಹಿಡಿದಿತ್ತು. ಕುಂದಾಪುರದ ಮಾತನ್ನು ಬರಹಕ್ಕೆ ಇಳಿಸುವಾಗ ಆಡಿದಂತೆ ಬರೆಯಬೇಕೋ ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಕೋ? ‘ನೀನು’, ‘ನೀವು’ಗಳಲ್ಲಿ ಯಂತ್ರ ರೈತನೊಬ್ಬನಿಗೆ ಯಾವುದನ್ನು ಬಳಸಬೇಕು? ಜಾತಿನಿಂದನೆಯ ಮಾತು ಕೆಟ್ಟ ಪದವೇ ಇಲ್ಲದೆ ಬಂದಾಗ ಗುರುತಿಸುವುದು ಹೇಗೆ? ಇವು ಭಾಷೆ, ಸಮಾಜ, ಇತಿಹಾಸ ಓದಿದವರ ಪ್ರಶ್ನೆಗಳು. ಆದರೆ ಈಗ ತಾಲ್ಲೂಕು ಕೇಂದ್ರಗಳವರೆಗೆ ಬರುತ್ತಿರುವ ಕೆಲಸ ಯಾವುದು? ಧ್ವನಿ ಕೇಳಿ ಟೈಪ್ ಮಾಡು, ಎರಡು ಉತ್ತರಗಳಲ್ಲಿ ಒಳ್ಳೆಯದಕ್ಕೆ ಗುರುತು ಹಾಕು, ಇಷ್ಟಕ್ಕೆ ಇಷ್ಟು ಕಾಸು. ಹೀಗೆ ಗುರುತು ಹಾಕಬೇಕು ಎಂಬ ನಿಯಮ ಬರೆಯುವವರು ಬೇರೆಲ್ಲೋ ಇರುತ್ತಾರೆ. ಕಾಲ್ ಸೆಂಟರಿನಲ್ಲಿ ಧ್ವನಿ ಹೋದಂತೆ ಇಲ್ಲಿ ಬೆರಳು ಹೋಗುತ್ತಿದೆ, ವಿವೇಚನೆಗೆ ಬೆಲೆ ಕಟ್ಟುವವರಿಲ್ಲ. ಇನ್ನೊಂದು ಹತ್ತು ವರ್ಷ ಹೀಗೇ ಕಳೆಯಲು ಬಿಡಬಾರದು ಎಂಬುದೇ ಈ ಬರಹದ ಕಾಳಜಿ.

ನಿಯಮ ಬರೆಯುವ ಸ್ಥಾನಕ್ಕೆ ಮಾನವಿಕ ಓದಿದವರು ಬಂದಾಗ ಏನಾಗುತ್ತದೆ ಎಂಬುದಕ್ಕೆ ಲಿಪಿಗಳ ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದು ಸಂಕೇತ ಗೊತ್ತುಮಾಡುವ ಯೂನಿಕೋಡ್ ಸಾಕ್ಷಿ. ಲೋಕದ ಹತ್ತಾರು ಅಲ್ಪಪ್ರಸಿದ್ಧ ಲಿಪಿಗಳನ್ನು ಅದರೊಳಗೆ ತಂದ ಮೈಕೆಲ್ ಎವರ್ಸನ್ ಓದಿದ್ದು ಭಾಷೆಗಳು ಮತ್ತು ಧರ್ಮಗಳ ಇತಿಹಾಸ. ವಿಜಯನಗರದ ತಾಮ್ರಶಾಸನಗಳ ನಂದಿನಾಗರಿ ಲಿಪಿ 2019ರಲ್ಲಿ ಯೂನಿಕೋಡಿಗೆ ಸೇರಿತು, ಅದರ ಪ್ರಸ್ತಾವ ಬರೆದ ಅಂಶುಮಾನ್ ಪಾಂಡೆ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದವರು. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಸೇರಿತು, 80 ಸಂಕೇತಗಳೊಂದಿಗೆ. ಆ ಪ್ರಸ್ತಾವದ ಹಿಂದೆ ಅಕ್ಷರ ವಿನ್ಯಾಸಕಿ ವೈಷ್ಣವಿ ಮೂರ್ತಿ ಮತ್ತು ಕಂಪ್ಯೂಟರ್ ವಿಜ್ಞಾನದ ವಿನೋದ್ ರಾಜನ್ ಅವರ ವರ್ಷಗಳ ದುಡಿಮೆ ಇದೆ. ಅದಕ್ಕೂ ಬಹಳ ಹಿಂದೆ ತಾಳೆಗರಿಗಳನ್ನು ಹುಡುಕಿ, ‘ಶ್ರೀ ಭಾಗವತೊ’ದಂಥ ತುಳು ಕಾವ್ಯಗಳನ್ನು ಬೆಳಕಿಗೆ ತಂದ ವೆಂಕಟರಾಜ ಪುಣಿಂಚತ್ತಾಯರಂಥ ಪಂಡಿತರ ಶ್ರಮವಿದೆ.

ಸಂಕೇತ ಸಿಕ್ಕಿತೆಂದರೆ ಕೆಲಸ ಶುರುವಾಯಿತು ಅಷ್ಟೇ. ಧರ್ಮಸ್ಥಳ, ಕೆಳದಿ, ಮೈಸೂರುಗಳ ಸಂಗ್ರಹಗಳಲ್ಲಿ ತಿಗಳಾರಿ ಹಸ್ತಪ್ರತಿಗಳಿವೆ. ಅವುಗಳ ಚಿತ್ರ ತೆಗೆದು, ಸಾಲು ಸಾಲಾಗಿ ಓದಿ, ಸರಿಯಾದ ಸಂಕೇತದಲ್ಲಿ ಟೈಪ್ ಮಾಡಿ, ಆ ಜೋಡಿಯನ್ನು ಯಂತ್ರಕ್ಕೆ ಉಣಿಸಿದರೆ ಮುಂದೆ ಯಂತ್ರವೇ ಓದಲು ಕಲಿಯುತ್ತದೆ. ಲಿಪಿ ಬಲ್ಲ, ಸಂಸ್ಕೃತ ಅಥವಾ ತುಳು ಬಲ್ಲ, ಜೊತೆಗೆ ಫೈಲು-ಫಾಂಟು-ಕೋಡ್ ಪಾಯಿಂಟುಗಳ ವ್ಯವಹಾರವೂ ಗೊತ್ತಿರುವ ಜನ ಇದಕ್ಕೆ ಬೇಕು. ಮಂಗಳೂರು, ಕುವೆಂಪು, ಮೈಸೂರು ವಿಶ್ವವಿದ್ಯಾಲಯಗಳ ವ್ಯಾಪ್ತಿಯ ಬಿ.ಎ. ತರಗತಿಗಳಲ್ಲಿ ಅಂಥ ಜನರಾಗಬಲ್ಲವರು ಇವತ್ತು ಕೂತಿದ್ದಾರೆ. ಅವರಿಗಾಗಿ ಕನ್ನಡ, ಸಂಸ್ಕೃತ, ಇತಿಹಾಸ ವಿಭಾಗಗಳಲ್ಲಿ ಭಾಷಾ ತಂತ್ರಜ್ಞಾನದ ಒಂದೊಂದು ಕಾಯಂ ಹುದ್ದೆ ಸೃಷ್ಟಿಯಾಗಲಿ. ಸರ್ಕಾರ ತನ್ನ ಇ-ಆಡಳಿತದ ಟೆಂಡರುಗಳಲ್ಲಿ ಕನ್ನಡ ಪರೀಕ್ಷಿಸುವ ಭಾಷಾ ಪದವೀಧರರು ತಂಡದಲ್ಲಿ ಇರಲೇಬೇಕು ಎಂಬ ಷರತ್ತು ಹಾಕಲಿ. ಕಂಪನಿಗಳು ಅರ್ಹತೆಯ ಸಾಲಿನಿಂದ ಪದವಿಯ ಹೆಸರು ತೆಗೆದು, ಕೆಲಸದ ಪರೀಕ್ಷೆ ಇಡಲಿ. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಆರಂಭವಾಗುವ ಮುನ್ನ ಈ ಮೂರರಲ್ಲಿ ಒಂದನ್ನಾದರೂ ಮಾಡಲು ಹಣದ ಅಡ್ಡಿಯೇನೂ ಇಲ್ಲ.